ಎಂಟು ಲಾಳದ ಸ್ಪೀಕರು

"ಇಕಿ ಓದಿದ್ದು ಒಂದಿನಾನೂ ನಮ್ಮ ಮನಿಗೆ ಬರಂಗಿಲ್ಲ" ಎಂದು ಮೊದಲು ಅಂದವನು ನಮ್ಮ ಕಾಕಾ. ಅಪ್ಪನ ತಮ್ಮ, ಯಲಬುರ್ಗಾದಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ನಾನು ಕೊಪ್ಪಳದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಹೆಸರು ಹಚ್ಚಿ ಬಂದ ದಿನ, ಹುಬ್ಬಿನವರೆಗೂ ಜೋಳದ ಹಿಟ್ಟು ಮೆತ್ತಿಕೊಂಡು ಗಿರಣಿಯ ಬಾಗಿಲಲ್ಲಿ ನಿಂತು, ಬೀಸುವ ಸಪ್ಪಳದ ಮೇಲೆ ಕೂಗಿ ಹೇಳಿದ: "ಮಾಸ್ತರ್ಕಿ ಮಾಡಿದ್ರ ಮಂದಿ ಮಕ್ಕಳಿಗೆ ಬರ್ತೈತಿ. ನಮ್ಮ ಮನ್ಯಾಗಿನ ಕೆಟ್ಟ ಸಾಮಾನು ಒಂದರ ರಿಪೇರಿ ಆಕ್ಕೈತೇನು ಅದರಿಂದ? ಆಗಂಗಿಲ್ಲ. ಬೇಕಾರ ಬರದ ಕೊಡ್ತೀನಿ ತಗೋ."

ಬರೆದು ಕೊಡಲು ಅವನಿಗೆ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಏಳನೇ ಇಯತ್ತೆ ದಾಟಿದವರೇ ಇರಲಿಲ್ಲ. ನಾನು ದಾಟಿದೆ. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಓದಿ ಡಿಗ್ರಿ ಮುಗಿಸಿದೆ, ಬಿ.ಎಡ್. ಮಾಡಿದೆ, ಈಗ ಕುಷ್ಟಗಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ನಾನು ನಾಲ್ಕು ಮಂದಿಯ ಮುಂದೆ ಗಟ್ಟಿಯಾಗಿಯೇ ಹೇಳುತ್ತೇನೆ. ಯಾರೂ ನನ್ನ ಕೈಗೆ ತಂದಿಟ್ಟದ್ದಲ್ಲ ಅದು.

ಕಾಕಾನ ಮಾತು ಸುಳ್ಳಾಗಬೇಕು ಎಂದು ಎಷ್ಟೋ ವರ್ಷ ಕಾದೆ. ಸುಳ್ಳಾಯಿತು. ಅಪ್ಪನ ಕಾರಿಗೆ ಸ್ಪೀಕರ್ ಆರಿಸುವಾಗ ನಾನು ಓದಿದ್ದು ಮನೆಗೆ ಬಂತು. ಸರಿಯಾದದ್ದನ್ನೇ ಆರಿಸಿದೆ. ಅಪ್ಪನ ಕಿವಿ ಹೋಗಿದೆ ಎಂಬುದು ಅದರಿಂದಲೇ ನಮಗೆ ಗೊತ್ತಾಯಿತು.

ಅಪ್ಪ ಹದಿನೆಂಟು ವರ್ಷ ಕುಷ್ಟಗಿ ಕಡೆಯ ಕಲ್ಲಿನ ಕ್ವಾರಿಗಳಲ್ಲಿ ದುಡಿದವನು. ಗಾಳಿಯ ಒತ್ತಡದಿಂದ ಓಡುವ ಡ್ರಿಲ್ಲಿಂಗ್ ಮಶೀನನ್ನು ಎದೆಗೆ ಅವಚಿಕೊಂಡು ಕೆಂಪು ಕಲ್ಲಿಗೆ ತೂತು ಹೊಡೆಯುವುದು ಅವನ ಕೆಲಸ. ಸಂಜೆ ಮನೆಗೆ ಬಂದರೆ ಅವನ ಕೈ ತಾನೇ ನಡುಗುತ್ತಿತ್ತು, ಚಹಾದ ಬಸಿಯನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದ. ಕಿವಿಗೆ ಹತ್ತಿ ಇಟ್ಟುಕೋ ಎಂದು ಯಾರೋ ಹೇಳಿದ್ದರಂತೆ. ನಾಲ್ಕು ದಿನ ಇಟ್ಟುಕೊಂಡು ತೆಗೆದು ಎಸೆದನಂತೆ. ಮದ್ದು ಹಾರಿಸುವ ಮುಂಚೆ ಮೇಲಿನವರು "ಸರೀರೋ" ಎಂದು ಕೂಗುತ್ತಾರೆ, ಆ ಕೂಗು ಕೇಳಿಸದಿದ್ದರೆ ಜೀವ ಹೋಗುತ್ತದೆ. ಆ ಒಂದು ಕೂಗು ಕೇಳಿಸಲಿ ಎಂದು ಹದಿನೆಂಟು ವರ್ಷ ಕಿವಿ ತೆರೆದಿಟ್ಟುಕೊಂಡ.

ಮೊಣಕಾಲು ಮಾತು ಕೇಳದಾದ ಮೇಲೆ ಕ್ವಾರಿ ಬಿಟ್ಟು ಯಲಬುರ್ಗಾಕ್ಕೆ ಬಂದು, ಒಂದು ಹಳೆಯ ಬಿಳಿ ಕಾರು ಹಿಡಿದು ಬಾಡಿಗೆಗೆ ಓಡಿಸತೊಡಗಿದ. ಹೆರಿಗೆಯವರನ್ನು ಕೊಪ್ಪಳಕ್ಕೆ, ಪರೀಕ್ಷೆ ಬರೆಯುವವರನ್ನು ಗಂಗಾವತಿಗೆ, ಮದುಮಕ್ಕಳನ್ನು ಎಲ್ಲಿಗೆಂದರೆ ಅಲ್ಲಿಗೆ. ಆ ಕಾರಿನಲ್ಲಿ ಅವನ ಮೆಚ್ಚಿನ ಸಾಮಾನೆಂದರೆ ಡೆಕ್ಕು. ನಸುಕಿನಲ್ಲಿ ತತ್ವಪದ, ಬಿಸಿಲೇರಿದ ಮೇಲೆ ಜಾನಪದ, ಮದುವೆಯ ಗಾಡಿಯಾದರೆ ಬೀಗರ ಹಾಡು. "ಕುಂತವ್ರಿಗೆ ದಾರಿ ಹೋಗಿದ್ದ ತಿಳೀಬಾರ್ದು" ಎನ್ನುತ್ತಿದ್ದ. ಹಾಡು ಹಚ್ಚಿ, ಬಲಗೈಯನ್ನು ಬಾಗಿಲಿಗೆ ಆನಿಸಿ, ತಲೆ ಅಲ್ಲಾಡಿಸುತ್ತ ಓಡಿಸುವುದು ಅವನ ಪದ್ಧತಿ.

ಅವನು ಜೋರಾಗಿ ಮಾತಾಡುತ್ತಿದ್ದ. ಅದು ನಮಗೆ ಏನೂ ಅನಿಸಲಿಲ್ಲ. ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಯಾರಿದ್ದಾರೆ? ಕಾಕಾ ಗಿರಣಿಯ ಸಪ್ಪಳದಲ್ಲಿ ಕೂಗಿ ಕೂಗಿ ಹಾಗೆಯೇ ಆದವನು. ಅವ್ವ ಹೊಲದಲ್ಲಿ ಹತ್ತು ಸಾಲು ಆಚೆ ಕಳೆ ತೆಗೆಯುವವರೊಂದಿಗೆ ಹರಟೆ ಹೊಡೆದು ಬೆಳೆದವಳು. ನಾನು ಐವತ್ತು ಹುಡುಗರ ಕ್ಲಾಸಿನವಳು. ಹೊಸದಾಗಿ ಬಂದವರಿಗೆ ಮನೆಯಲ್ಲಿ ಜಗಳ ನಡೆದಿದೆ ಎಂದೇ ಅನ್ನಿಸಬೇಕು. ನಮ್ಮ ಪಾಲಿಗೆ ಅದು ಮನೆಯ ಮಾತು, ಅಷ್ಟೆ.

ಹೋದ ವರ್ಷ ಬೇಸಿಗೆಯಲ್ಲಿ ಕಾರಿನ ಮುಂದಿನ ಬಾಗಿಲುಗಳ ಎರಡೂ ಸ್ಪೀಕರ್ ಹರಿದವು. ಕಾಗದದ ಬಟ್ಟಲು ಅಂಚಿನಲ್ಲಿ ಬಿರಿದು ಹಳೆಯ ಹಲಗೆಯ ಹಾಗೆ ಬಡಿದುಕೊಳ್ಳತೊಡಗಿತು. ಅಪ್ಪ ನನ್ನನ್ನು ಕೇಳಲಿಲ್ಲ. ಊರಲ್ಲಿ ಟಿ.ವಿ. ರೇಡಿಯೋ ರಿಪೇರಿ ಮಾಡುವವನೊಬ್ಬನ ಹತ್ತಿರ ಹೋಗಿ ಎರಡು ಸ್ಪೀಕರ್ ಹಾಕಿಸಿಕೊಂಡು ಬಂದ. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಕರೆದ.

"ಯವ್ವಾ, ಇಲ್ಲಿ ಬಾ. ಹಳೇದರ ಬೆನ್ನಿಗೆ ಏನೈತಿ ನೋಡು. ನಾಕು, ಮುಂದ ಒಂದು ಲಾಳ. ಈಗ ಹಾಕಿಸಿದ್ದರಾಗ ಏನಿತ್ತು ಗೊತ್ತೇನು? ಎಂಟು ಲಾಳ!"

ಅಪ್ಪನಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತದ ಮೇಲೆ ನಾಲ್ಕು ಓಮ್ ಎಂದು ಅಚ್ಚಾಗಿತ್ತು. ಓಮಿನ ಗುರುತು ಗ್ರೀಕ್ ಅಕ್ಷರ, ಕೆಳಗೆ ಬಾಯಿ ತೆರೆದ ದುಂಡು. ಹೌದು, ಥೇಟ್ ಲಾಳದ ಹಾಗೆಯೇ ಇದೆ. ಅಷ್ಟು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಅದು ಲಾಳ ಅಲ್ಲಪಾ. ಓಮ್ ಅಂತಾರ ಅದಕ್ಕ."

"ಓಂಕಾರದ ಓಂ ಏನು?"

"ಅದೂ ಅಲ್ಲ."

"ಮತ್ತ ಲಾಳ ಇದ್ದಂಗ ಐತಿ, ಲಾಳನ ಅದು. ಕುದುರಿಗೆ ಎಷ್ಟ ಲಾಳ ಬಡೀತಾರ?"

"ನಾಕು."

"ಎತ್ತಿಗೆ?"

ಎತ್ತಿನ ಗೊರಸು ಸೀಳು, ಒಂದು ಕಾಲಿಗೆ ಎರಡೆರಡು ತುಂಡು ಬಡಿಯಬೇಕು. ಸಣ್ಣವನಿದ್ದಾಗ ಅಪ್ಪ ಸಂತೆಯಲ್ಲಿ ಲಾಳ ಬಡಿಯಲು ಎತ್ತನ್ನು ಕೆಡವಿದಾಗ ಹಗ್ಗ ಹಿಡಿಯುತ್ತಿದ್ದನಂತೆ.

"ಎಂಟು" ಎಂದು ತಾನೇ ಹೇಳಿದ. "ಟಾಂಗಾದ ಕುದುರಿ ನಾಕ ಮಂದೀನ ಎಳಿತೈತಿ. ಎತ್ತು ಚಕ್ಕಡಿ ತುಂಬ ಜ್ವಾಳಾ ಎಳಿತೈತಿ. ಈಗ ನೀನ ಹೇಳು, ಯಾವುದ್ರಾಗ ದಮ್ಮ ಐತಿ? ಅಂಗಡ್ಯಾವ ನಾಕಿಂದ ಕೊಡಾಕ ಬಂದಿದ್ದ. ಬ್ಯಾಡ, ಎಂಟಿಂದ ಕೊಡಪಾ ಅಂದ್ನಿ."

ನಾನು ಬಿದ್ದು ಬಿದ್ದು ನಕ್ಕೆ. ಅವನೂ ನಕ್ಕ. ಆ ದಿನ ಅಷ್ಟಕ್ಕೇ ಬಿಟ್ಟೆ, ನನ್ನ ಹತ್ತಿರ ತಿದ್ದಲು ಹತ್ತನೇ ಇಯತ್ತೆಯ ಪೇಪರುಗಳಿದ್ದವು.

ಆ ಸ್ಪೀಕರುಗಳು ಮನೆಯಲ್ಲಿ ಇಡುವ ಪೆಟ್ಟಿಗೆಯವು. ಬಾಗಿಲಿನ ತೂತಿಗೆ ಸರಿಯಾಗಿ ಕೂರಲಿಲ್ಲ, ರಿಪೇರಿಯವನು ತಂತಿ ಬಿಗಿದು ನಿಲ್ಲಿಸಿದ್ದ. ದನಿ ಸಣ್ಣದಾಯಿತು. ಅಪ್ಪ ಗುಂಡಿಯನ್ನು ಕೊನೆಯವರೆಗೆ ತಿರುವಿದ. ಆಗ ಹಾಡು ಒಡೆದುಹೋಗಿ, ಬಾಗಿಲಿನ ತಗಡೆಲ್ಲ ಗಡಗಡ ಅನ್ನತೊಡಗಿತು. ಅಪ್ಪನಿಗೆ ಅದು ಸರಿ ಕಂಡಿತು. ಬಲಗೈ ಬಾಗಿಲಿಗೆ ಆನಿಸಿ ಹಾಗೆಯೇ ಓಡಿಸಿದ.

ಕಾಕಾನ ಮಗಳ ನಿಶ್ಚಯಕ್ಕೆ ಕುಷ್ಟಗಿಗೆ ಅದೇ ಕಾರಿನಲ್ಲಿ ಹೋದೆವು. ಹಿಂದೆ ಕುಳಿತ ಹೆಂಗಸರು ಸೆರಗನ್ನು ಕಿವಿಗೆ ಒತ್ತಿಕೊಂಡಿದ್ದರು. ಇಳಿದ ಮೇಲೆ ಕಾಕಾ ಬೀಗರೆಲ್ಲರ ಮುಂದೆ ಅಂದ: "ಯಣ್ಣಾ, ನಿನ್ನ ಗಾಡಿ ಹಾಡಾ ಹಾಡವಲ್ದು, ಜ್ವಾಳಾ ಬೀಸಾಕತ್ತೈತಿ. ನಾಳಿಂದ ನನ್ನ ಗಿರಣಿ ಮುಂದ ನಿಂದ್ರಸು."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ತಮ್ಮನ ಮಾತನ್ನು ದೊಡ್ಡ ಮನಸ್ಸಿನಿಂದ ತೆಗೆದುಕೊಂಡ ಎಂದುಕೊಂಡೆ. ಎಲ್ಲರೂ ನಕ್ಕರೆ ತಾನೂ ನಗಬೇಕು ಎಂಬುದನ್ನು ಅವನು ಎಂದೋ ಕಲಿತಿದ್ದ, ಅದು ನನಗೆ ಆಮೇಲೆ ತಿಳಿಯಿತು.

ಅದೇ ತಿಂಗಳು ಎರಡು ಮದುವೆಯ ಮನೆಯವರು ಬೇರೆ ಗಾಡಿ ಹೇಳಿದರು. ಆ ಡೆಕ್ಕಿನ ಸಪ್ಪಳ ತಾಳಲಾರೆವು ಎಂದರಂತೆ. ಕಾಕಾ ನನ್ನ ಕಡೆ ತಿರುಗಿದ.

"ಏನ್ರಿ ಅಕ್ಕೋರ, ಬಿಎಸ್ಸಿ ಮಾಡೀರಿ. ಮನ್ಯಾಗ ಕೆಟ್ಟ ಸಾಮಾನು ಒಂದೈತಿ. ಮಾಡ್ರಿ ನೋಡೂಣು."

ಮಾಡಿ ತೋರಿಸಲೇಬೇಕು ಎಂದು ನನಗೂ ಹಟ ಬಂತು.

ಶನಿವಾರ ಹೆಡ್‌ಮಾಸ್ತರರನ್ನು ಕೇಳಿ ಶಾಲೆಯ ಮಲ್ಟಿಮೀಟರ್ ತಂದೆ. ಬಾಗಿಲಿನ ಪಟ್ಟಿ ಬಿಚ್ಚಿ, ಸ್ಪೀಕರಿನ ಎರಡು ಕಡ್ಡಿಗಳಿಗೆ ಮೀಟರಿನ ತುದಿ ಹಿಡಿದೆ. ಏಳರ ಹತ್ತಿರ ತೋರಿಸಿತು. ಹಳೆಯದಕ್ಕೆ ಹಿಡಿದೆ, ಮೂರೂವರೆ. ಮೀಟರು ಯಾವಾಗಲೂ ಬರೆದದ್ದಕ್ಕಿಂತ ಸ್ವಲ್ಪ ಕಡಿಮೆಯನ್ನೇ ತೋರಿಸುತ್ತದೆ. ಹಾಡಿನ ಕರೆಂಟಿಗೆ ಎದುರಾಗುವ ಅಡ್ಡಿ ಬೇರೆ, ಮೀಟರಿನ ಸೆಲ್ಲಿನ ಕರೆಂಟಿಗೆ ಎದುರಾಗುವ ಅಡ್ಡಿ ಬೇರೆ. ಡೆಕ್ಕನ್ನು ಹೊರಗೆ ಎಳೆದು ಪಕ್ಕದ ಚೀಟಿ ಓದಿದೆ. ನಾಲ್ಕು ಓಮಿನ ಸ್ಪೀಕರಿಗೆಂದೇ ಅದನ್ನು ಮಾಡಿದ್ದರು.

ಅಪ್ಪನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದೆ. "ಯಪ್ಪಾ, ಆ ಲಾಳ ದಮ್ಮ ಅಲ್ಲ, ಅಡ್ಡಿ. ಕಾಲುವಿ ತೂಬು ನೋಡೀಯಲ್ಲ? ಹಲಿಗಿ ಅರ್ಧ ಇಳಿಸಿದ್ರ ನೀರ ಎಷ್ಟ ಹೊಕ್ಕೈತಿ?"

"ಅರ್ಧ."

"ಎಂಟು ಅಂದ್ರ ಅರ್ಧ ಇಳಿಸಿದ ಹಲಿಗಿ. ಡೆಕ್ಕ ಎಷ್ಟ ತಳ್ಳಿದ್ರೂ ಅರ್ಧನ ಹೊರಗ ಬರ್ತೈತಿ."

"ಹಂಗಾರ ಎರಡ ಲಾಳದ್ದ ಹಾಕಿಬಿಡು. ಹಲಿಗೀನ ಬ್ಯಾಡ."

"ಹಲಿಗಿ ಪೂರಾ ಎತ್ತಿದ್ರ ಏನ ಆಕ್ಕೈತಿ?"

"ಒಡ್ಡ ಒಡೀತೈತಿ."

"ಡೆಕ್ಕೂ ಹಂಗ. ಸುಟ್ಟ ಹೊಕ್ಕೈತಿ."

"ಶಾಣ್ಯಾ ಅದೀಯವ್ವ" ಎಂದ. ನನ್ನ ಬಾಯಿಯ ಮೇಲಿಂದ ಕಣ್ಣು ತೆಗೆಯದೆ ಕೇಳುತ್ತಿದ್ದ. ನನ್ನ ಕ್ಲಾಸಿನಲ್ಲಿ ಇಷ್ಟು ಲಕ್ಷ್ಯ ಕೊಡುವ ವಿದ್ಯಾರ್ಥಿ ಒಬ್ಬನೂ ಇಲ್ಲವಲ್ಲ ಎಂದು ಮನಸ್ಸಿನಲ್ಲೇ ನಕ್ಕೆ.

ಮರುದಿನ ಗಂಗಾವತಿಗೆ ಹೋದೆವು, ಅಲ್ಲಿ ಕಾರಿನ ಸಾಮಾನಿನ ದೊಡ್ಡ ಅಂಗಡಿಗಳಿವೆ. ನಾವು ಹೋದ ಅಂಗಡಿಯ ಮಾಲಕರು ವಯಸ್ಸಾದ ಸಾಹೇಬರು, ಮೂಗಿನ ತುದಿಗೆ ಚಾಳೀಸು, ಬಾಯಲ್ಲಿ ಅಡಿಕೆ.

"ಬರ್ರಿ ಯಜಮಾನ್ರ, ಏನ ಹಾಕೂಣ್ರಿ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಗೋಡೆಗೆ ತೂಗುಹಾಕಿದ ಸ್ಟೇರಿಂಗಿನ ಕವರುಗಳನ್ನು ನೋಡುತ್ತಿದ್ದ. ನಾನು ಹೇಳಿದೆ: "ಮುಂದಿನ ಬಾಗಲಿಗೆ ಸ್ಪೀಕರ್ ಬೇಕ್ರಿ, ಒಂದ ಜೋಡಿ. ಆರೂವರಿ ಇಂಚು. ನಾಕ ಓಮಿಂದ ಆಗಬೇಕು."

ಅವರು ಚಾಳೀಸನ್ನು ಮೇಲೆ ಸರಿಸಿದರು. "ಓಮ್ ಕೇಳೋ ಗಿರಾಕಿ ಇಷ್ಟ ವರ್ಷದಾಗ ನೀವ ಮೊದಲನೇರ ನೋಡ್ರಿ. ಎಲ್ಲಾರೂ ವ್ಯಾಟ್ ಕೇಳ್ತಾರ. ಇಲ್ಲಾಂದ್ರ ಬಣ್ಣ ಕೇಳ್ತಾರ."

ಒಂದು ಡಬ್ಬಿ ತೆಗೆದಿಟ್ಟರು. ಮೇಲೆ ಬೆರಳುದ್ದದ ಅಂಕಿಯಲ್ಲಿ ವ್ಯಾಟು. ನಾನು ಅದನ್ನು ಬಿಟ್ಟು ಡಬ್ಬಿಯ ಅಡಿಯ ಸಣ್ಣ ಅಕ್ಷರ ಓದಿದೆ. ಮೇಲಿನದು ಒಂದು ಕ್ಷಣ ತಡೆದುಕೊಳ್ಳುವ ಲೆಕ್ಕ, ಅಡಿಯಲ್ಲಿದ್ದದ್ದು ದಿನವಿಡೀ ತಡೆದುಕೊಳ್ಳುವ ಲೆಕ್ಕ. ಆಮೇಲೆ ಚೀಲದಿಂದ ಮೀಟರ್ ತೆಗೆದೆ.

"ಅಲ್ಲಾ! ಮೀಟರ್ ತಂದಾರ್ರಪ. ಪರೀಕ್ಷಾ ಬರೋಬರಿ ಐತಿ ಇವತ್ತ ನಂದು."

ಮೊದಲನೆಯ ಡಬ್ಬಿಯ ಮೇಲೆ ನಾಲ್ಕು ಎಂದಿತ್ತು, ಮೀಟರು ಎರಡರ ಕೆಳಗೆ ತೋರಿಸಿತು. ಸಾಹೇಬರು ತಾವೇ ಮೀಟರ್ ಇಸಿದುಕೊಂಡು ಇನ್ನೊಮ್ಮೆ ಹಿಡಿದು ನೋಡಿ, ಆ ಡಬ್ಬಿಯನ್ನು ಕಾಲಬುಡಕ್ಕೆ ಇಟ್ಟರು. ಎರಡನೆಯದು ಮೂರೂವರೆ, ಅದರ ಜೋಡಿಯೂ ಮೂರೂವರೆ. ಅದನ್ನೇ ಹಾಕಿರಿ ಎಂದೆ.

ಹಾಕುವಾಗಲೂ ನಾನು ಪಕ್ಕದಲ್ಲೇ ನಿಂತೆ. ಗಡಿಯಾರದ ಸೆಲ್ಲೊಂದನ್ನು ತಂತಿಗೆ ಮುಟ್ಟಿಸಿ, ಬಟ್ಟಲು ಮುಂದಕ್ಕೆ ಜಿಗಿಯುತ್ತದೆಯೋ ಹಿಂದಕ್ಕೋ ನೋಡಿ, ಎರಡೂ ಬಾಗಿಲಿಗೆ ಒಂದೇ ದಿಕ್ಕಿನಲ್ಲಿ ಕೊಡಿಸಿದೆ. ತಗಡು ಬಡಿದುಕೊಳ್ಳಬಾರದೆಂದು ಸುತ್ತಲೂ ರಬ್ಬರಿನ ಪಟ್ಟಿ ಅಂಟಿಸಿ, ನಾಲ್ಕೂ ಸ್ಕ್ರೂ ಬಿಗಿ ಮಾಡಿಸಿದೆ. "ನಿಮ್ಮ ಮಗಳೇನ್ರಿ? ಕೆಲಸಕ್ಕ ಕಳಸ್ರಿ ನಮ್ಮ ಅಂಗಡಿಗೆ" ಎಂದು ಸಾಹೇಬರು ಅಪ್ಪನ ಭುಜ ತಟ್ಟಿ ಹೇಳಿದರು. ಅಪ್ಪ ನಕ್ಕ.

ಸಾಹೇಬರು ಡೆಕ್ಕು ಹಚ್ಚಿದರು. ಅಪ್ಪನ ಮೆಚ್ಚಿನ ತತ್ವಪದವೇ ಬಂತು. ಆ ಕಾರಿನಲ್ಲಿ ಅಂಥ ದನಿಯನ್ನು ನಾನು ಕೇಳಿರಲಿಲ್ಲ. ಏಕತಾರಿಯ ತಂತಿ ಬೇರೆ, ತಾಳ ಬೇರೆ. ಒಂದು ಸಾಲು ಮುಗಿದು ಇನ್ನೊಂದು ಹಿಡಿಯುವ ಮೊದಲು ಹಾಡುವಾಕೆ ಉಸಿರು ಎಳೆದುಕೊಂಡದ್ದು ಕೂಡ ಕೇಳಿಸಿತು. ಸಾಹೇಬರು ಕಣ್ಣು ಮುಚ್ಚಿ "ವಾಹ್" ಎಂದರು. ನನ್ನ ಎದೆ ಉಬ್ಬಿತು. ಕಾಕಾನನ್ನು ಇಲ್ಲಿಗೇ ಕರೆತರಬೇಕಿತ್ತು ಎನಿಸಿತು.

ಅಪ್ಪ ಡ್ರೈವರ್ ಸೀಟಿನಲ್ಲಿ ಕುಳಿತ, ಬಲಗೈ ಬಾಗಿಲಿಗೆ ಆನಿಸಿದ. ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, "ಹಚ್ಚರಿ ಮತ್ತ, ಕೇಳೂಣು" ಎಂದ.

ಹಾಡು ನಡೆದೇ ಇತ್ತು.

ಸಾಹೇಬರು ಚಾಷ್ಟಿ ಎಂದು ತಿಳಿದು ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಡೆಕ್ಕಿನ ದೀಪ ಹತ್ತಿರುವುದನ್ನು ನೋಡಿ ಅವನಿಗೆ ತಿಳಿಯಿತು. ಕೂಡಲೇ ಗುಂಡಿಯನ್ನು ತಿರುವಿದ. ತಿರುವುತ್ತಲೇ ಹೋದ. ಬೀದಿಯ ಮಂದಿ ತಿರುಗಿ ನೋಡಿದರು, ನಾನು ಕಿವಿ ಮುಚ್ಚಿಕೊಂಡೆ.

"ಹಾಂ, ಈಗ ಬಂತು" ಎಂದ. ಅಂಗೈಯನ್ನು ಬಾಗಿಲಿನ ಮೇಲೆ ಅತ್ತಿತ್ತ ಸರಿಸಿ ಏನನ್ನೋ ಹುಡುಕಿದ. "ಛಲೋ ಐತ್ರಿ. ಆದ್ರ ಹಳೇದರಂಗ ಇಲ್ಲ ಬಿಡ್ರಿ. ಅದು ಕೈಗೆ ಬರ್ತಿತ್ತು."

ಸಾಹೇಬರು ಕೈ ಚಾಚಿ ಡೆಕ್ಕು ಬಂದ್ ಮಾಡಿದರು. ಅಪ್ಪ ಕೆಳಗಿಳಿದು, ನಮ್ಮ ಕಡೆ ಬೆನ್ನು ಮಾಡಿ, ಕಾರಿನ ಗಾಜು ಒರೆಸತೊಡಗಿದ. ಆಗ ಸಾಹೇಬರು ಅವನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಸಾದಾ ದನಿಯಲ್ಲಿ ಅಂದರು: "ಯಜಮಾನ್ರ, ನಿಮ್ಮ ಪಾಕೀಟು ಬಿದ್ದೈತಿ ನೋಡ್ರಿ."

ಅಪ್ಪ ಗಾಜು ಒರೆಸುತ್ತಿದ್ದ.

"ಯಜಮಾನ್ರ, ಪಾಕೀಟು."

ಅಪ್ಪ ಬಟ್ಟೆ ಮಡಚಿ ಇನ್ನೊಂದು ಮಗ್ಗಲಿಗೆ ಹೋದ.

ಸಾಹೇಬರು ನನ್ನ ಮುಖ ನೋಡಲಿಲ್ಲ. ಮೀಟರಿನ ತಂತಿಯನ್ನು ನಿಧಾನವಾಗಿ ಸುತ್ತಿ ನನ್ನ ಕೈಗೆ ಕೊಟ್ಟರು. "ಬೇಟಿ, ಸ್ಪೀಕರ್ ಬರೋಬರಿ ಅದಾವ" ಎಂದರು.

ವಾಪಸು ಬರುವ ದಾರಿಯನ್ನು ನಾನು ಮರೆತಿಲ್ಲ. ಹಾಡು ಹಚ್ಚಲಿಲ್ಲ. ಗಿಣಿಗೇರಾ ಹತ್ತಿರ ಕೆಂಪು ಧೂಳು ಮೆತ್ತಿದ ಅದಿರಿನ ಲಾರಿಯೊಂದು ಬೆನ್ನಿಗೆ ಬಂದು ಹಾರನ್ ಹೊಡೆಯಿತು. ಒಂದು ಸಲ, ಎರಡು ಸಲ, ಆಮೇಲೆ ಬಿಡದೆ. ಅಪ್ಪ ಕನ್ನಡಿ ನೋಡಿದಾಗ ಬದಿಗೆ ಸರಿದ, ಅದಕ್ಕೂ ಮೊದಲಲ್ಲ. ಅವನ ಕಾರಿಗೆ ಎಲ್ಲರ ಕಾರಿಗಿಂತ ಎರಡು ಕನ್ನಡಿ ಹೆಚ್ಚು. ಚಂದಕ್ಕೆ ಹಾಕಿಸಿದ್ದಾನೆ ಎಂದು ನಾವು ಗೇಲಿ ಮಾಡುತ್ತಿದ್ದೆವು.

ಅವನು ರಸ್ತೆ ನೋಡುತ್ತಿದ್ದಾಗ ನಾನು ಕೇಳಿದೆ: "ಯಪ್ಪಾ, ನಿನಗ ಕೇಳಸಂಗಿಲ್ಲೇನು?"

ಉತ್ತರ ಬರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿದೆ. ಕೊಪ್ಪಳದ ಕೋಟೆಯ ಗುಡ್ಡ ಕಾಣುವವರೆಗೂ ಅತ್ತೆ. ಒಂದು ಗೇಣು ಆಚೆ ಕುಳಿತವನಿಗೆ ಅದೂ ಗೊತ್ತಾಗಲಿಲ್ಲ.

ಮನೆ ಮುಟ್ಟಿದ ಮೇಲೆ, ಅವ್ವ ನೀರಿಗೆ ಹೋಗಿದ್ದಾಗ, ಎದುರು ಕುಳಿತು ನೇರವಾಗಿ ಕೇಳಿದೆ. ಮೊದಲು ಸಿಟ್ಟು ಮಾಡಿದ. "ಯಾಂವ ಹೇಳ್ಯಾನ? ಕಿವಿ ಛಲೋ ಅದಾವ." ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ಏನೋ ಒಂದು ಮಾತು ಅಂದೆ. ಏನೆಂದೆ ಹೇಳು ಎಂದು ಸೆರಗು ತೆಗೆದು ಕೇಳಿದೆ. ಹಾಗೆ ಮಾಡಬಾರದಿತ್ತು.

"ಕ್ವಾರಿ ಬಿಡೂದಕ್ಕ ಮೊದಲಿಂದನ ಐತಿ. ಮೊದಲ ಗುಬ್ಬಿ ಹ್ವಾದುವು. ಆಮೇಲೆ ಹೆಣ್ಮಕ್ಕಳ ದನಿ. ಗಂಡಸರು ಮಾತಾಡಿದ್ರ ಇನ್ನೂ ಅಷ್ಟಿಷ್ಟ ಗೊತ್ತಾಕ್ಕೈತಿ. ನಿನ್ನ ದನಿ ಹೋಗಿ ಭಾಳ ದಿನ ಆತವ್ವ."

ತೆಳುವಾದ ದನಿಗಳು ಮೊದಲು ಹೋಗುತ್ತವೆ, ದಪ್ಪ ದನಿಗಳು ಆಮೇಲೆ. ಇದನ್ನು ನಾನು ಒಂಬತ್ತನೇ ಇಯತ್ತೆಯವರಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. ಪಾಠ ಮಾಡಿ ಮನೆಗೆ ಬಂದು ಅವನ ಹತ್ತಿರವೇ ಉಣ್ಣಲು ಕೂರುತ್ತಿದ್ದೆ.

ಡಿಗ್ರಿ ಪಾಸಾದ ದಿನ ಕೊಪ್ಪಳದ ಬಸ್‌ಸ್ಟ್ಯಾಂಡಿನಿಂದ ಅವನಿಗೆ ಫೋನ್ ಮಾಡಿದ್ದೆ. ಯಪ್ಪಾ, ನಾ ಪಾಸಾದೆ, ಫಸ್ಟ್ ಕ್ಲಾಸು ಎಂದಿದ್ದೆ. "ಹಾಂ, ಹಾಂ. ಉಂಡಿ?" ಎಂದಿದ್ದ. ಎಷ್ಟು ಸಾದಾ ಮನುಷ್ಯ, ಮಗಳ ಹೊಟ್ಟೆಯದೇ ಚಿಂತೆ ಎಂದು ಅದನ್ನು ಎಷ್ಟೋ ಮಂದಿಗೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಆ ಫೋನನ್ನು ನೆನಪಿಸಿ ಕೇಳಿದೆ. ಅವನಿಗೆ ಅದರ ನೆನಪೇ ಇರಲಿಲ್ಲ. ನಾನು ಪಾಸಾದದ್ದು ಅವನಿಗೆ ತಿಳಿದದ್ದು ಮರುದಿನವಂತೆ, ಕಾಕಾ ಗಿರಣಿಗೆ ಬಂದವರಿಗೆಲ್ಲ ಪೇಢೆ ಹಂಚುವಾಗ.

"ಯಾಕ ಹೇಳಲಿಲ್ಲ?" ಎಂದೆ.

"ಕಿವುಡನ ಗಾಡಿ ಯಾರ ಹತ್ತತಾರ?"

ಬಾಡಿಗೆಯ ಗಾಡಿ ಓಡಿಸುವುದನ್ನು ಅವನು ಅದೇ ವಾರ ತಾನಾಗಿಯೇ ಬಿಟ್ಟ. ನಾನು ಬಿಡು ಎನ್ನಲಿಲ್ಲ. ಹೆರಿಗೆಗೆ ಹೊರಟ ಹುಡುಗಿಯೊಬ್ಬಳು ಹಿಂದಿನ ಸೀಟಿನಲ್ಲಿ ನಿಲ್ಲಿಸು ಎಂದು ಕೂಗಿದ್ದಳಂತೆ, ಅವಳ ಗಂಡ ಅಪ್ಪನ ಭುಜ ಹಿಡಿದು ಅಲ್ಲಾಡಿಸಿದಾಗ ತಿಳಿಯಿತಂತೆ. ಆವತ್ತಿನಿಂದ ಮನಸ್ಸು ಅಳುಕುತ್ತಿತ್ತು ಎಂದ. ಕಾರಿಗೆ ಹಳೆಯ ಕೌದಿ ಹೊದಿಸಿ ಮನೆಯ ಮುಂದೆ ನಿಲ್ಲಿಸಿದ. ನಾನು ಆರಿಸಿ ಹಾಕಿಸಿದ ಸ್ಪೀಕರುಗಳು ಅದರೊಳಗೆ ಹೊಸದರ ಹಾಗೆಯೇ ಉಳಿದವು.

ಕಾಕಾ ಒಂದು ಸಂಜೆ ಬಂದ. ಯಾರೋ ಹೇಳಿದ್ದರು. ಹೊರಗೆ ಕಾರಿನ ಹತ್ತಿರ ನಿಂತು, ಮೊದಲ ಬಾರಿಗೆ ನನ್ನೊಂದಿಗೆ ಮೆಲ್ಲಗೆ ಮಾತಾಡಿದ. "ಬೀಗರ ಮುಂದ ನಾ ಅಂದಿದ್ದು ಅವಗ ಕೇಳಿಸಿರಲಿಲ್ಲೇನು?" ಎಂದ. ಇಲ್ಲ ಎಂದೆ. "ಛಲೋ ಆತು" ಎಂದು ಕಾರಿನ ಮೇಲಿನ ಕೌದಿ ಎಳೆದು ಸರಿ ಮಾಡಿದ. ಆಮೇಲೆ, "ಇಲ್ಲ, ಛಲೋ ಆಗಲಿಲ್ಲ" ಎಂದು ಹೊರಟುಹೋದ.

ಕಿವಿಯ ಮಶೀನು ಸಿಗಬೇಕಾದರೆ ಪ್ರಮಾಣಪತ್ರ ಬೇಕು, ಅದಕ್ಕೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಆಗಬೇಕು. ಅಪ್ಪನನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಬಸ್ಸಿನಲ್ಲಿ ಹೋದೆವು, ಕಿಟಕಿಯ ಹತ್ತಿರ ಕುಳಿತು ರಸ್ತೆಯನ್ನು ಡ್ರೈವರನ ಕಣ್ಣಿನಿಂದಲೇ ನೋಡುತ್ತ ಬಂದ.

ಅಲ್ಲಿ ದಪ್ಪ ಬಾಗಿಲಿನ ಸಣ್ಣ ಕೋಣೆಯಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ, ಸಪ್ಪಳ ಬಂದಾಗ ಬೆರಳು ಎತ್ತಬೇಕು ಎಂದು ಅಲ್ಲಿನ ಹುಡುಗಿ ಕೈಸನ್ನೆಯಲ್ಲಿ ಹೇಳಿಕೊಟ್ಟಳು. ನಾನು ಗಾಜಿನ ಈಚೆ ಕಡೆ ಅವಳ ಬೆನ್ನ ಹಿಂದೆ ನಿಂತೆ. ಅಪ್ಪ ಬೆರಳು ಎತ್ತಿದ. ಮತ್ತೆ ಎತ್ತಿದ. ಎಲ್ಲವೂ ಕೇಳಿಸುತ್ತಿದೆಯಲ್ಲ ಎಂದು ನನ್ನ ಜೀವಕ್ಕೆ ಹಿತವಾಯಿತು. ಆ ಹುಡುಗಿ ಬರೆಯುವುದನ್ನು ನಿಲ್ಲಿಸಿದಳು.

"ಮೇಡಂ, ನಾ ಗುಂಡಿ ಒತ್ತೂದನ್ನ ನೋಡಿ ಎತ್ತಾಕತ್ಯಾರ್ರಿ" ಎಂದಳು.

ಒಳಗೆ ಹೋಗಿ ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಅಪ್ಪ ಒಮ್ಮೆ ಹೊರಳಿ ನನ್ನನ್ನು ನೋಡಿದ. ಕಾಪಿ ಹೊಡೆಯುತ್ತ ಸಿಕ್ಕಿಬಿದ್ದ ಹುಡುಗರ ಮುಖವನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆ ಮುಖವನ್ನು ನೋಡಲಾಗಲಿಲ್ಲ. ಅವಳು ಮತ್ತೆ ಶುರು ಮಾಡಿದಳು. ಒಂದೊಂದೇ ಗುಂಡಿ ಒತ್ತಿದಳು, ಮುಳ್ಳು ಏರುತ್ತ ಹೋಯಿತು. ಗೋಡೆಗೆ ಮುಖ ಮಾಡಿ ಕುಳಿತ ಅಪ್ಪನ ಬೆರಳು ತೊಡೆಯ ಮೇಲೆ ಇದ್ದಲ್ಲೇ ಇತ್ತು. ಬಹಳ ಹೊತ್ತಾದ ಮೇಲೆ, ಅವಳು ಕೊನೆಯ ಅಂಕಿಗಳಿಗೆ ಬಂದಾಗ, ಒಮ್ಮೆ ಅರ್ಧ ಎತ್ತಿ, ಹೌದೋ ಅಲ್ಲವೋ ಎಂಬಂತೆ ಇಳಿಸಿದ.

ಪ್ರಮಾಣಪತ್ರ ತರಲು ಕರೆದ ದಿನ ಅವ್ವನೂ ಬಂದಳು. ನನ್ನ ಡಿಗ್ರಿಯ ಪ್ರಮಾಣಪತ್ರ ತರಲು ನಾನು ಒಬ್ಬಳೇ ಹೋಗಿದ್ದೆ. ಗುಮಾಸ್ತನೊಬ್ಬ ಕಿಟಕಿಯಿಂದ ಚಾಚಿ, ಸಹಿ ಮಾಡಿ ಎಂದಿದ್ದ. ಮನೆತನದಲ್ಲಿ ಮೊದಲನೆಯ ಪ್ರಮಾಣಪತ್ರ ನನ್ನದು, ಇದು ಎರಡನೆಯದು. ಇಲ್ಲೂ ಒಂದು ಕಿಟಕಿ. ಒಳಗಿನವರು ಹೆಸರು ಕೂಗಿದರು. ಅಪ್ಪ ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದ. ಮತ್ತೆ ಕೂಗಿದರು. ನಾನು ಭುಜ ಮುಟ್ಟಿದೆ. ಎದ್ದು ಹೋಗಿ, ಅಂಗಿಯ ತೋಳು ಇಳಿಸಿಕೊಂಡು, ಆ ಹಾಳೆಯನ್ನು ಎರಡೂ ಕೈಯಿಂದ ತೆಗೆದುಕೊಂಡ. ಒಮ್ಮೆ ಮೇಲಿಂದ ಕೆಳಗೆ ನೋಡಿ ನನ್ನ ಕೈಗೆ ಕೊಟ್ಟ.

"ಏನ ಬರದಾರವ್ವ?" ಎಂದಳು ಅವ್ವ.

ಓದಿ ಹೇಳಿದೆ. ಎರಡೂ ಕಿವಿ, ಬಹಳ ವರ್ಷದ್ದು, ಮತ್ತೆ ಬರುವಂಥದ್ದಲ್ಲ.

ಅವ್ವ ಹಾಳೆಯನ್ನು ನೋಡಲಿಲ್ಲ. ಕಿಟಕಿಯ ಹತ್ತಿರ ನಿಂತು ಒಳಗಿನವರಿಗೆ ಕೈಮುಗಿಯುತ್ತಿದ್ದ ಅಪ್ಪನ ಬೆನ್ನನ್ನೇ ನೋಡುತ್ತ ಅಂದಳು:

"ಕರದ್ರ ಓ ಅನ್ನವಲ್ಲ, ನನ್ನ ಮಾತಂದ್ರ ಈ ಮನಶ್ಯಾಗ ಕಸಕ್ಕಿಂತ ಕಡೀ ಅಂತ ಎಷ್ಟ ವರ್ಷ ಸಿಟ್ಟ ಹಿಡದ್ನೆವ್ವ ನಾನು."